ರಾಡಿನ ನಂಬರ್ ಕೇಳುವ ಮೊದಲು ಲೋಹದ ಹೆಸರು ಕೇಳಿ

ಬೆಸುಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಟೈಟೇನಿಯಂ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಅದರದ್ದೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಅಲ್ಯೂಮಿನಿಯಂ ದೋಣಿಯ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಪ್ರಶ್ನೆ: ಸರ್, ನಾನು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಟಿಗ್ (ಆರ್ಗಾನ್ ಗ್ಯಾಸಿನ ಮರೆಯಲ್ಲಿ ಮಾಡುವ ಬೆಸುಗೆ) ವೆಲ್ಡರ್. ಒಂದು ಕೆಮಿಕಲ್ ಪ್ಲಾಂಟಿನಿಂದ ಟೈಟೇನಿಯಂ ಪೈಪಿನ ತುಂಡು ರಿಪೇರಿಗೆ ಬಂತು. ಪಂಪಿನ ಬದಿಯ ಫ್ಲೇಂಜ್ ಹತ್ತಿರ ಬಿರುಕು. ಮಾಲೀಕರು ‘ಗ್ರೇಡ್ 5 ರಾಡ್ ತುಂಬ ಗಟ್ಟಿ, ಅದೇ ಹಾಕು’ ಅಂದರು. ಹಾಕಿದೆ. ಹದಿನೈದು ದಿನಕ್ಕೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು ಬಂದು ವಾಪಸ್ ಬಂತು. ಈಗ ಎಲ್ಲರೂ ನನ್ನ ಕೈ ಸರಿ ಇಲ್ಲ ಅನ್ನುತ್ತಾರೆ. ಯಾವ ರಾಡ್ ಹಾಕಬೇಕಿತ್ತು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ರಾಡಿನ, ಅಂದರೆ ಬೆಸುಗೆಗೆ ಕರಗಿಸಿ ತುಂಬುವ ತಂತಿಯ ವಿಷಯ ಹೇಳುತ್ತೇನೆ. ಕೈಯ ವಿಷಯ ಆಮೇಲೆ.

ಕೆಮಿಕಲ್ ಪ್ಲಾಂಟಿನ ಟೈಟೇನಿಯಂ ಪೈಪು ಸಾಮಾನ್ಯವಾಗಿ ಗ್ರೇಡ್ 2. ಬೇರೆ ಲೋಹ ಬೆರೆಸದ ಟೈಟೇನಿಯಂ ಅದು. ಅದಕ್ಕೆ ಹಾಕುವ ರಾಡ್ ಇಆರ್‌ಟಿಐ-2. ನೀವು ಹಾಕಿದ್ದು ಇಆರ್‌ಟಿಐ-5. ಅದರಲ್ಲಿ ಸುಮಾರು ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ ಇದೆ. ವಿಮಾನದ ಭಾಗಗಳಿಗೆ ಬಳಸುವ ಜಾತಿ. ಎಳೆದರೆ ತುಂಡಾಗುವ ಬಲ ನೋಡಿದರೆ ಗ್ರೇಡ್ 2ಕ್ಕೆ ಕನಿಷ್ಠ 345 ಎಂಪಿಎ (ಬಲದ ಅಳತೆ, ಮೆಗಾಪ್ಯಾಸ್ಕಲ್), ಗ್ರೇಡ್ 5ಕ್ಕೆ 895. ಎರಡೂವರೆ ಪಟ್ಟು ಜಾಸ್ತಿ. ನಿಮ್ಮ ಮಾಲೀಕರು ಹೇಳಿದ್ದು ಸುಳ್ಳಲ್ಲ, ರಾಡ್ ಗಟ್ಟಿಯೇ. ಆದರೆ ರಾಡ್ ಗಟ್ಟಿ ಆದರೆ ಪೈಪು ಗಟ್ಟಿ ಆಗುವುದಿಲ್ಲವಲ್ಲ. ಪಂಪಿನ ಪಕ್ಕದ ಪೈಪು ದಿನವಿಡೀ ನಡುಗುತ್ತಾ ಇರುತ್ತದೆ. ಮೆತ್ತಗಿನ ಪೈಪಿನ ನಡುವೆ ಗಟ್ಟಿ ಉಂಗುರ ಕೂರಿಸಿದರೆ ಆ ಉಂಗುರ ಬಾಗುವುದಿಲ್ಲ. ಬಾಗುವ ಕೆಲಸವೆಲ್ಲ ಅದರ ಅಂಚಿಗೆ ಬೀಳುತ್ತದೆ. ಹಳೆ ಲುಂಗಿಗೆ ಹೊಸ ಜೀನ್ಸ್ ಬಟ್ಟೆಯ ತೇಪೆ ಹಾಕಿ ನೋಡಿ. ತೇಪೆ ಗಟ್ಟಿ ಕೂತಿರುತ್ತದೆ, ಹೊಲಿಗೆಯ ಪಕ್ಕ ಲುಂಗಿ ಹರಿಯುತ್ತದೆ. ನಿಮ್ಮ ಬಿರುಕು ಬಂದದ್ದೂ ಬೆಸುಗೆಯ ಮೇಲೆ ಅಲ್ಲ, ಪಕ್ಕದಲ್ಲಿ.

ಆದರೆ ‘ಸಾಮಾನ್ಯವಾಗಿ ಗ್ರೇಡ್ 2’ ಎಂದು ನಾನು ಹೇಳಿದೆ ಅಂತ ಅದನ್ನೇ ನಂಬಿ ರಾಡ್ ತರಬೇಡಿ. ಪೈಪಿನ ಮೈ ಒರೆಸಿ ನೋಡಿ. ‘ಬಿ861’ ಅಥವಾ ‘ಬಿ862’ ಎಂಬ ಗುರುತು, ಅದರ ಪಕ್ಕ ಗ್ರೇಡ್ ನಂಬರ್ ಇರುತ್ತದೆ. ಅಳಿಸಿದ್ದರೆ ಪ್ಲಾಂಟಿನವರ ಹತ್ತಿರ ಮಿಲ್ ಸರ್ಟಿಫಿಕೇಟ್, ಅಂದರೆ ಪೈಪು ಮಾಡಿದವರು ಕೊಟ್ಟ ಲೋಹದ ಪತ್ರ ಕೇಳಿ. ಕೇಳಲು ಸಂಕೋಚ ಬೇಡ. ಯಾಕೆಂದರೆ ಅದು ಗ್ರೇಡ್ 7 ಆಗಿರಲೂಬಹುದು. ಗ್ರೇಡ್ 7 ನೋಡಲು, ಬಾಗಿಸಲು ಗ್ರೇಡ್ 2ರ ಹಾಗೆಯೇ. ಬಲವೂ ಅಷ್ಟೇ. ಆದರೆ ಅದರಲ್ಲಿ ಶೇ. 0.12ರಿಂದ 0.25ರಷ್ಟು ಪಲ್ಲಾಡಿಯಂ ಹಾಕಿರುತ್ತಾರೆ. ಬಿಸಿ ಉಪ್ಪು ನೀರು, ಕೆಲವು ಜಾತಿಯ ಆಸಿಡ್ ಗ್ಯಾಸ್ಕೆಟ್ ಸಂದಿಯಲ್ಲಿ ಕೂತು ತಿನ್ನುವುದನ್ನು ಅದು ತಡೆಯುತ್ತದೆ. ಆ ಪೈಪಿಗೆ ಇಆರ್‌ಟಿಐ-2 ಹಾಕಿದರೆ ಬೆಸುಗೆ ಬಲದಲ್ಲಿ ಪಾಸಾಗುತ್ತದೆ, ಆದರೆ ಪೈಪು ಉಳಿದು ಬೆಸುಗೆಯೇ ಮೊದಲು ತಿಂದುಹೋಗುತ್ತದೆ. ಅಲ್ಲಿ ಇಆರ್‌ಟಿಐ-7 ಬೇಕು. ದುಬಾರಿ, ನಿಜ. ಪೈಪು ಅದಕ್ಕಿಂತ ದುಬಾರಿ ಅಲ್ವಾ?

ಈಗ ಕೈಯ ವಿಷಯ. ನೀವು ಬೆಸುಗೆಯ ಬಣ್ಣ ಬರೆದಿಲ್ಲ. ಟೈಟೇನಿಯಂ ಬಗ್ಗೆ ಯಾರು ಪತ್ರ ಬರೆದರೂ ಮೊದಲು ಬಣ್ಣ ಬರೆಯಿರಿ.

ನಾನು ಈ ಕೆಲಸ ಕಲಿತದ್ದು ಸೌದಿಯ ಜುಬೈಲಿನಲ್ಲಿ. ನಮ್ಮ ಫೋರ್‌ಮನ್ ಕಣ್ಣೂರಿನವರು. ನನ್ನ ಮೊದಲ ಟೈಟೇನಿಯಂ ಬೆಸುಗೆ ನವಿಲುಗರಿಯ ಹಾಗೆ ನೀಲಿ ಬಂತು. ಚಂದ ಉಂಟು ಅಂದುಕೊಂಡೆ. ಅವರು ಏನೂ ಹೇಳಲಿಲ್ಲ. ನನ್ನ ತುಂಡನ್ನೂ ತಮ್ಮದೊಂದು ತುಂಡನ್ನೂ ಪಕ್ಕಪಕ್ಕದಲ್ಲಿ ವೈಸ್‌ಗೆ ಕಚ್ಚಿಸಿದರು. ಅವರದ್ದು ಬೆಳ್ಳಿ ಬಣ್ಣ, ಈಗಷ್ಟೇ ಹುಣಸೆ ಹಚ್ಚಿ ತಿಕ್ಕಿದ ಬೆಳ್ಳಿ ಲೋಟದ ಹಾಗೆ. ಅದಕ್ಕೆ ಸುತ್ತಿಗೆಯಿಂದ ಹೊಡೆದರು. ಬಾಗಿತು. ಮತ್ತೆ ಹೊಡೆದರು. ಮೊಣಕೈ ಮಡಚಿದ ಹಾಗೆ ಬಾಗಿತು, ಬಿರುಕಿಲ್ಲ. ಆಮೇಲೆ ನನ್ನದಕ್ಕೆ ಹೊಡೆದರು. ಎರಡನೇ ಏಟಿಗೆ ‘ಟಪ್’ ಅಂತ ಸದ್ದು. ಹಪ್ಪಳ ಮುರಿದ ಹಾಗೆ ಬೆಸುಗೆಯ ಮೇಲೆಯೇ ತುಂಡು. ಎರಡಕ್ಕೂ ಹಾಕಿದ್ದು ಒಂದೇ ಕಟ್ಟಿನ ರಾಡ್. ಆ ಸದ್ದು ನನಗೆ ಇವತ್ತಿಗೂ ನೆನಪುಂಟು.

ಬಿಸಿಯಾದ ಟೈಟೇನಿಯಂ ಗಾಳಿಯನ್ನು ಕುಡಿಯುತ್ತದೆ. ಕರಗಿದಾಗ ಮಾತ್ರ ಅಲ್ಲ. ಕರಗುವುದು 1668 ಡಿಗ್ರಿಗೆ. ಆದರೆ ಸುಮಾರು 430 ಡಿಗ್ರಿಗಿಂತ ಮೇಲೆ ಇರುವಷ್ಟು ಹೊತ್ತೂ, ಗಟ್ಟಿಯಾಗಿ ಕಂಡರೂ, ಅದು ಆಮ್ಲಜನಕ, ಸಾರಜನಕ ಎಳೆದುಕೊಳ್ಳುತ್ತದೆ. ಎಳೆದುಕೊಂಡಷ್ಟೂ ಗಡಸಾಗುತ್ತದೆ, ಹಾಗೆಯೇ ಮುರುಕಲಾಗುತ್ತದೆ. ಬೆಸುಗೆ ಬೆಳ್ಳಿ ಬಣ್ಣ ಇದ್ದರೆ ಒಳ್ಳೆಯದು. ತೆಳು ಹುಲ್ಲಿನ ಹಳದಿ ಬಂದರೂ ನಡೆಯುತ್ತದೆ. ನೇರಳೆ, ನೀಲಿ, ಹಸಿರು ಬಂದರೆ ಕಡಿದು ತೆಗೆಯಬೇಕು. ಬೂದು ಬಣ್ಣ, ಬಿಳಿ ಪುಡಿ ಬಂದರೆ ಕೇಳುವುದೇ ಬೇಡ. ಬ್ರಷ್ ಹಾಕಿ ನೀಲಿಯನ್ನು ಉಜ್ಜಿ ಬೆಳ್ಳಿ ಮಾಡುವವರನ್ನು ನಾನು ನೋಡಿದ್ದೇನೆ. ಬಣ್ಣ ಹೋಗುತ್ತದೆ, ಒಳಗೆ ಹೋದ ಗಾಳಿ ಹೋಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಇದರಲ್ಲಿ ರಾಡಿನ ಪಾಲು ದೊಡ್ಡದು. ಅದನ್ನೇ ಜಾಸ್ತಿ ಜನ ಮರೆಯುತ್ತಾರೆ. ಗಾಳಿ ತಾಗದಂತೆ ಆರ್ಗಾನ್ ಗ್ಯಾಸ್ ಹರಿಸಲು ಟಾರ್ಚಿನ ಕಪ್ (ಗ್ಯಾಸ್ ಬರುವ ಬಾಯಿ) ದೊಡ್ಡದು ಹಾಕುತ್ತೀರಿ, ಗ್ಯಾಸ್ ಸಮವಾಗಿ ಹರಿಯಲು ಗ್ಯಾಸ್ ಲೆನ್ಸ್ ಹಾಕುತ್ತೀರಿ, ಬಿಸಿ ಬೆಸುಗೆ ಮುಚ್ಚಲು ಹಿಂದೆ ಟ್ರೇಲಿಂಗ್ ಶೀಲ್ಡ್ ಕಟ್ಟುತ್ತೀರಿ, ಪೈಪಿನ ಒಳಗಿನ ಗಾಳಿ ಹೊರದೂಡಲು ಆರ್ಗಾನ್ ಪರ್ಜ್ ಕೊಡುತ್ತೀರಿ. ಎಲ್ಲ ಸರಿ. ಒಂದು ಹನಿ ರಾಡ್ ಇಟ್ಟ ಮೇಲೆ ಸ್ಟೀಲಿಗೆ ಮಾಡಿದ ಅಭ್ಯಾಸದಲ್ಲಿ ಕೈ ಹಿಂದೆ ಬರುತ್ತದೆ. ಕೆಂಪಗಿರುವ ರಾಡಿನ ತುದಿ ಆರ್ಗಾನಿನಿಂದ ಹೊರಗೆ ಗಾಳಿಗೆ ಬಂತು. ಅರೆ ಸೆಕೆಂಡಿನಲ್ಲಿ ಗಾಳಿ ಕುಡಿಯಿತು. ಮುಂದಿನ ಹನಿಯಲ್ಲಿ ಅದನ್ನೇ ಒಳಗೆ ಇಟ್ಟಿರಿ. ಬೆಸುಗೆ ಮೇಲೆ ಬೆಳ್ಳಿ ಬಣ್ಣವೇ ಇರಬಹುದು, ಆದರೆ ಕೆಟ್ಟದ್ದನ್ನು ನೀವೇ ಹೊಟ್ಟೆಗೆ ಹಾಕಿದ್ದೀರಿ. ಅದಕ್ಕೇ ರಾಡಿನ ಬಿಸಿ ತುದಿ ಯಾವಾಗಲೂ ಟಾರ್ಚಿನ ಕಪ್ ಕೆಳಗೇ ಇರಬೇಕು. ಆರ್ಕ್ ನಿಲ್ಲಿಸಿದ ಮೇಲೂ ಟಾರ್ಚ್ ಎತ್ತಬಾರದು, ರಾಡನ್ನೂ ಎಳೆಯಬಾರದು. ಆರ್ಗಾನ್ ಹರಿಯುತ್ತಾ ಇರಲಿ, ಎರಡೂ ಅಲ್ಲೇ ತಣಿಯಲಿ. ತೆಳು ಪೈಪಿಗೂ ನಾನು ಮೂವತ್ತು ಎಣಿಸುತ್ತೇನೆ. ಮತ್ತೆ ಶುರು ಮಾಡುವ ಮೊದಲು ತುದಿ ನೋಡಿ. ಬಣ್ಣ ಬಂದಿದ್ದರೆ ಕಟ್ಟರಿನಿಂದ ಒಂದು ಸೆಂಟಿಮೀಟರು ಕತ್ತರಿಸಿ ಬಿಸಾಡಿ. ಒಂದು ದಿನದ ಕೆಲಸದಲ್ಲಿ ನನ್ನ ಕಾಲ ಹತ್ತಿರ ಬೆರಳುಗುರಿನಷ್ಟಗಲದ ತುಂಡುಗಳು ಒಂದು ಹಿಡಿ ಬೀಳುತ್ತವೆ. ಅದನ್ನು ದುಂದು ಅನ್ನುವ ಮಾಲೀಕರಿಗೆ ಈ ಪುಟ ತೋರಿಸಿ.

ಇನ್ನೊಂದು ಪರೀಕ್ಷೆ ಇವತ್ತೇ ಮಾಡಿ. ಹೊಸ ರಾಡ್ ತೆಗೆದು, ಅಸಿಟೋನ್ ಹಾಕಿದ ಬಿಳಿ ಬಟ್ಟೆಯ ಮಡಿಕೆಯಲ್ಲಿ ಹಿಡಿದು ಉದ್ದಕ್ಕೆ ಎಳೆಯಿರಿ. ಬಟ್ಟೆಯ ಮೇಲೆ ಕಪ್ಪು ಗೆರೆ ಬರುತ್ತದೆ. ರಾಡ್ ಎಳೆಯುವಾಗ ಹಚ್ಚಿದ ಎಣ್ಣೆ, ಮಸಿ ಅದು. ಕಣ್ಣಿಗೆ ರಾಡ್ ಫಳಫಳ ಹೊಳೆಯುತ್ತಿತ್ತು. ಗೆರೆ ಬಾರದವರೆಗೆ ಎಳೆಯಿರಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈ, ಗೋಳಿಬಜೆ ತಿಂದ ಕೈ, ಬೆವರಿದ ಕೈ, ಎಲ್ಲವೂ ಒಂದೇ. ನೂಲು ಬಿಡದ ಹೊಸ ಕೈಗವಸು ಇಟ್ಟುಕೊಳ್ಳಿ. ಎಣ್ಣೆ, ನೀರು ಇದ್ದರೆ ಬೆಸುಗೆಯೊಳಗೆ ಗುಳ್ಳೆ ಬರುತ್ತದೆ, ಹೈಡ್ರೋಜನ್ ಸೇರುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ಜೂನಿನಿಂದ ಸೆಪ್ಟೆಂಬರ್ ತನಕ ನಾನು ರಾಡುಗಳನ್ನು ಎರಡೂ ಕಡೆ ಮುಚ್ಚಳ ಇರುವ ಪಿವಿಸಿ ಪೈಪಿನಲ್ಲಿ ಇಡುತ್ತೇನೆ. ಆರ್ಗಾನಿಗೆ ರಬ್ಬರ್ ಹೋಸ್ ಬಳಸುವುದಿಲ್ಲ. ರಬ್ಬರಿನ ಮೂಲಕ ತೇವ ಒಳಗೆ ನುಸುಳುತ್ತದೆ, ಪ್ಲಾಸ್ಟಿಕ್ ಹೋಸ್ ವಾಸಿ. ಆರ್ಗಾನ್ ಶೇ. 99.999 ಶುದ್ಧದ್ದೇ ಬೇಕು.

ಮತ್ತೆ ಆ ಜಾಬ್ ನಿಮ್ಮ ಕೈಗೆ ಬಂದರೆ ಹಳೆ ಬೆಸುಗೆಯ ಮೇಲೆ ಇನ್ನೊಂದು ಸುತ್ತು ಹಾಕಬೇಡಿ. ಗ್ರೇಡ್ 5 ಬೆಸುಗೆ ಇರುವ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಅದೇ ಗ್ರೇಡಿನ ಹೊಸ ತುಂಡು ಕೂರಿಸಿ. ಅಂಚನ್ನು ಕಾರ್ಬೈಡ್ ಬರ್ ಅಥವಾ ಫೈಲಿನಿಂದ ಮಾಡಿ. ಸ್ಟೀಲಿಗೆ ಬಳಸಿದ ಗ್ರೈಂಡಿಂಗ್ ಕಲ್ಲು ಮುಟ್ಟಿಸಬೇಡಿ. ಮೂರು ಮಿಲಿಮೀಟರು ದಪ್ಪದ ಪೈಪಿಗೆ 1.6 ಎಂಎಂ ರಾಡ್ ಸಾಕು. ನಿಮ್ಮ ಕೈ ಕೆಟ್ಟದ್ದು ಅಂತ ಈ ಪತ್ರದಿಂದ ನನಗೆ ಅನ್ನಿಸಲಿಲ್ಲ. ನಿಮ್ಮ ಕೈಗೆ ತಪ್ಪು ರಾಡ್ ಕೊಟ್ಟಿದ್ದರು.

ಪ್ರಶ್ನೆ: ಕಳೆದ ತಿಂಗಳು ನೀವು ‘ಟೈಟೇನಿಯಂಗೆ ಮೆತ್ತಗಿನ ರಾಡ್ ಸುರಕ್ಷಿತ’ ಎಂದು ಬರೆದಿರಿ. ಹಾಗಾದರೆ ಎಲ್ಲದಕ್ಕೂ ಇಆರ್‌ಟಿಐ-2 ಒಂದೇ ತಂದಿಟ್ಟರೆ ಆಗುವುದಿಲ್ಲವೇ? ನಾಲ್ಕು ಜಾತಿ ರಾಡ್ ಸ್ಟಾಕ್ ಇಡುವುದು ಸಣ್ಣ ವರ್ಕ್‌ಶಾಪಿಗೆ ಕಷ್ಟ.
*ಫ್ಯಾಬ್ರಿಕೇಟರ್, ಯೆಯ್ಯಾಡಿ*

ಉತ್ತರ: ಇಲ್ಲ, ಆಗುವುದಿಲ್ಲ. ನಾನು ಬರೆದದ್ದು ಅರ್ಧವಾಯಿತು, ಅದನ್ನು ಇಲ್ಲಿ ಸರಿ ಮಾಡುತ್ತೇನೆ. ನೀವು ಕೇಳಿದ್ದು ಒಳ್ಳೆಯದಾಯಿತು.

ಒಂದು ನಡೆದ ಸಂಗತಿ ಹೇಳುತ್ತೇನೆ. ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್ 5 ರಾಕೆಟಿನ ಮೂರನೇ ಹಂತಕ್ಕೆ ಎಸ್-4ಬಿ ಎಂದು ಹೆಸರು. 1967ರ ಜನವರಿ 20ರಂದು ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಅಂಥ ಒಂದು ಹಂತವನ್ನು ಟೆಸ್ಟ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಎಂಜಿನ್ ಹೊತ್ತಿಸುವ ಮೊದಲೇ ಇಡೀ ಹಂತ ಸ್ಫೋಟವಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹೆಚ್ಚು ಒತ್ತಡದ ಹೀಲಿಯಂ ತುಂಬಿದ ಒಂದು ಟೈಟೇನಿಯಂ ಗೋಳ. ಗೋಳ ಅಲ್ಯೂಮಿನಿಯಂ, ವೆನೇಡಿಯಂ ಬೆರೆತ ಅಲಾಯ್, ಇವತ್ತಿನ ಭಾಷೆಯಲ್ಲಿ ಗ್ರೇಡ್ 5ರ ಜಾತಿ. ಅದರ ಬೆಸುಗೆಗೆ ಅದೇ ಅಲಾಯಿನ ತಂತಿ ಹಾಕಬೇಕಿತ್ತು. ಹಾಕಿದ್ದು ಶುದ್ಧ ಟೈಟೇನಿಯಂ ತಂತಿ. ಅಂದರೆ ನೀವು ಸ್ಟಾಕ್ ಇಡಬೇಕು ಅನ್ನುವ ಮೆತ್ತಗಿನದ್ದೇ.

ಎರಡು ತಂತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದೇ ಬಣ್ಣ, ಅದೇ ಹೊಳಪು, ಅದೇ ತೂಕ. ಅದಕ್ಕೇ ನನಗೆ ಆ ಸಂಗತಿ ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಅಲ್ಲಿ ಯಾರೋ ಒಬ್ಬರು ನನ್ನ ನಿಮ್ಮ ಹಾಗೆಯೇ ಒಂದು ಡಬ್ಬಿಗೆ ಕೈ ಹಾಕಿ ತಂತಿ ತೆಗೆದಿರುತ್ತಾರೆ.

ಹಾಗಾಗಿ ಮೆತ್ತಗೆ, ಗಟ್ಟಿ ಎನ್ನುವ ಮಾತನ್ನೇ ಬಿಡೋಣ. ಲೋಹದ ಗ್ರೇಡ್ ಯಾವುದೋ ರಾಡಿನ ಗ್ರೇಡ್ ಅದೇ. ಗ್ರೇಡ್ 2ಕ್ಕೆ ಇಆರ್‌ಟಿಐ-2, 5ಕ್ಕೆ 5, 7ಕ್ಕೆ 7, 9ಕ್ಕೆ 9, 12ಕ್ಕೆ 12. ಗ್ರೇಡ್ 5ರ ಭಾಗಕ್ಕೆ ಶುದ್ಧ ರಾಡ್ ಹಾಕುವ ಪದ್ಧತಿ ಇಲ್ಲವೆಂದಲ್ಲ. ಬೆಸುಗೆ ಬಾಗಬೇಕು, ಬಲ ಕಡಿಮೆ ಆದರೂ ತೊಂದರೆ ಇಲ್ಲ ಅನ್ನುವ ಕಡೆ ಹಾಕುತ್ತಾರೆ. ಆದರೆ ಅದನ್ನು ತೀರ್ಮಾನ ಮಾಡಬೇಕಾದವರು ಆ ಭಾಗವನ್ನು ಡಿಸೈನ್ ಮಾಡಿದವರು, ಬರಹದಲ್ಲಿ ಕೊಟ್ಟು. ಒತ್ತಡ ತಡೆಯುವ ಪಾತ್ರೆಗೆ ಸ್ಟಾಕ್ ಇಲ್ಲ ಅಂತ ನಾವು ಬದಲಾಯಿಸುವ ಹಾಗಿಲ್ಲ.

ಸ್ಟಾಕಿನ ಕಷ್ಟ ನನಗೆ ಗೊತ್ತು. ಜಾಬ್ ಬಂದ ಮೇಲೆ ಆ ಗ್ರೇಡಿನ ಅರ್ಧ ಕಿಲೋ ತರಿಸಿಕೊಳ್ಳಿ. ಒಂದು ವಾರ ತಡ ಆಗುತ್ತದೆ ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ. ಉಳಿದ ರಾಡನ್ನು ಗ್ರೇಡಿಗೊಂದು ಪೈಪಿನಲ್ಲಿ ಇಟ್ಟು ಹೊರಗೆ ಬರೆಯಿರಿ. ರಾಡಿನ ಒಂದು ತುದಿಯಲ್ಲಿ ಗ್ರೇಡ್ ಒತ್ತಿರುತ್ತಾರೆ. ಇನ್ನೊಂದು ತುದಿಯಿಂದ ಸುಡುತ್ತಾ ಬನ್ನಿ, ಗುರುತು ಕೊನೆಯವರೆಗೆ ಉಳಿಯುತ್ತದೆ. ಗುರುತಿಲ್ಲದ ತುಂಡು ಮೇಜಿನ ಮೇಲೆ ಸಿಕ್ಕಿದರೆ ಅದು ರಾಡ್ ಅಲ್ಲ, ಗುಜರಿ.

ಪ್ರಶ್ನೆ: ಬಂದರಿನ ಗುಜರಿ ಅಂಗಡಿಯಲ್ಲಿ ಒಂದು ಶಾಫ್ಟ್ ಸಿಕ್ಕಿತು. ಸ್ಟೀಲಿಗಿಂತ ಹಗುರ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಟೈಟೇನಿಯಂ ಅಂತ ಕೊಟ್ಟರು. ಕೀ-ವೇ ಹತ್ತಿರ ಸವೆದಿದೆ. ತುಂಬಿಸಲು ಯಾವ ರಾಡ್?
*ಉಳ್ಳಾಲ*

ಉತ್ತರ: ಗ್ರೈಂಡರಿಗೆ ಮೆಲ್ಲಗೆ ತಾಗಿಸಿ. ಕಣ್ಣು ಕೋರೈಸುವ ಅಚ್ಚ ಬಿಳಿ ಕಿಡಿ ಬಂದರೆ ಟೈಟೇನಿಯಂ. ತೂಕ ಅದೇ ಅಳತೆಯ ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಘನ ಸೆಂಟಿಮೀಟರಿಗೆ ನಾಲ್ಕೂವರೆ ಗ್ರಾಂ.

ಆದರೆ ಯಾವ ಗ್ರೇಡ್ ಎಂಬುದು ಕಿಡಿಯಿಂದ ಗೊತ್ತಾಗುವುದಿಲ್ಲ. ಲೋಹ ಪರೀಕ್ಷೆ ಮಾಡುವ ಎಕ್ಸ್‌ಆರ್‌ಎಫ್ ಗನ್ ಇರುವ ಲ್ಯಾಬಿಗೆ ಒಯ್ಯಿರಿ. ವೆನೇಡಿಯಂ ಸುಮಾರು ಶೇ. 4 ತೋರಿಸಿದರೆ ಗ್ರೇಡ್ 5ರ ಕಡೆಯದು, ಎರಡೂವರೆ ತೋರಿಸಿದರೆ 9. ಪಲ್ಲಾಡಿಯಂ ಇದ್ದರೂ ಗನ್ನಿಗೆ ಸಿಗುತ್ತದೆ. ಗನ್ನಿಗೆ ಸಿಗದ್ದು ಆಮ್ಲಜನಕ. ಗ್ರೇಡ್ 1, 2, 3, 4 ಎಲ್ಲವೂ ಗನ್ನಿಗೆ ಬರೀ ‘ಟೈಟೇನಿಯಂ’. ಇದು ತುಂಬ ಜನಕ್ಕೆ ಗೊತ್ತಿಲ್ಲ. ಗನ್ ‘ಗ್ರೇಡ್ 2’ ಅಂತ ಪರದೆಯ ಮೇಲೆ ತೋರಿಸಿದರೂ ಅದು ಊಹೆ. ಹಾಗಾಗಿ ಜೊತೆಗೆ ಗಡಸುತನದ ಪರೀಕ್ಷೆಯನ್ನೂ ಮಾಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ತಿರುಗುವ ಶಾಫ್ಟಿಗೆ ಹಳೆ ಚರಿತ್ರೆ ಗೊತ್ತಿಲ್ಲದೆ ಬೆಸುಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಸವೆದ ಭಾಗ ಕತ್ತರಿಸಿ, ಉಳಿದದ್ದರಲ್ಲಿ ಸಣ್ಣದೇನಾದರೂ ಲೇತಿನಲ್ಲಿ ಮಾಡಿಸಿ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಗ್ರೇಡ್ 2 ಶೀಟಿನಲ್ಲಿ ಆಮ್ಲಜನಕ ಶೇ. 0.25ರ ತನಕ ಇರಬಹುದು ಅಂತ ಪಟ್ಟಿಯಲ್ಲಿದೆ. ಅದೇ ಗ್ರೇಡಿನ ರಾಡಿಗೆ ಮಾತ್ರ 0.08ರಿಂದ 0.16. ಗ್ರೇಡ್ ಒಂದೇ ಆದಮೇಲೆ ಯಾಕೆ ಈ ವ್ಯತ್ಯಾಸ?

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಪ್ರಶ್ನೆ ಇದು, ತಂಗಿ.

ಶುದ್ಧ ಟೈಟೇನಿಯಂನ ನಾಲ್ಕು ಗ್ರೇಡುಗಳ ನಡುವೆ ಮುಖ್ಯ ವ್ಯತ್ಯಾಸವೇ ಆಮ್ಲಜನಕ. ಗ್ರೇಡ್ 1ರಲ್ಲಿ ಜಾಸ್ತಿ ಅಂದರೆ 0.18, 2ರಲ್ಲಿ 0.25, 3ರಲ್ಲಿ 0.35, 4ರಲ್ಲಿ 0.40. ಏರಿದ ಹಾಗೆ ಬಲವೂ ಏರುತ್ತದೆ, ಬಾಗುವ ಗುಣ ಇಳಿಯುತ್ತದೆ. ಈಗ ಬೆಸುಗೆ ಹಾಕುವಾಗ ಎಷ್ಟೇ ಆರ್ಗಾನ್ ಹಿಡಿದರೂ ಒಂದಿಷ್ಟು ಆಮ್ಲಜನಕ ಒಳಗೆ ಹೋಗಿಯೇ ಹೋಗುತ್ತದೆ. ಅದಕ್ಕೆ ರಾಡಿನಲ್ಲೇ ಮೊದಲು ಜಾಗ ಬಿಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಗಂಜಿಗೆ ಉಪ್ಪು ಹಾಕುವುದಿಲ್ಲ ಅಲ್ವಾ? ಉಪ್ಪಿನಕಾಯಿ, ಒಣಮೀನಿನ ಚಟ್ನಿ ಜೊತೆಗೆ ಬರುತ್ತದೆ ಅಂತ ಗೊತ್ತು. ಹಾಗೆಯೇ ಇದು.

ಗ್ರೇಡ್ 23 ಎಂಬುದನ್ನೂ ಪಟ್ಟಿಯಲ್ಲಿ ನೋಡಿರುತ್ತೀರಿ, ಹೆಸರಿನ ಕೊನೆಗೆ ಇಎಲ್‌ಐ ಅಂತ ಇರುತ್ತದೆ. ಅದು ಗ್ರೇಡ್ 5ರ ತಂಗಿ. ಅಲ್ಯೂಮಿನಿಯಂ, ವೆನೇಡಿಯಂ ಅಷ್ಟೇ, ಆಮ್ಲಜನಕ ಮಾತ್ರ 0.20ರ ಬದಲು 0.13ಕ್ಕೆ ಇಳಿಸಿರುತ್ತಾರೆ. ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳಿಗೆ ಆ ಜಾತಿ ಬಳಸುತ್ತಾರೆ.

ಇನ್ನೊಂದು ಮಾತು ಹೇಳಬೇಕು. ಟೈಟೇನಿಯಂ ನಮ್ಮ ಸಮುದ್ರದ ಮರಳಿನಿಂದಲೇ ಬರುತ್ತದೆ. ಕೇರಳದ ಚವರದ ಕರಿ ಮರಳಿನಲ್ಲಿ ಇಲ್ಮನೈಟ್ ಇದೆ. ಅದರಲ್ಲಿ ಟೈಟೇನಿಯಂ ಆಮ್ಲಜನಕವನ್ನು ಗಟ್ಟಿಯಾಗಿ ತಬ್ಬಿಕೊಂಡಿರುತ್ತದೆ. ಕಬ್ಬಿಣದ ಅದಿರಿನ ಹಾಗೆ ಇದ್ದಿಲು ಹಾಕಿ ಊದಿದರೆ ಶುದ್ಧ ಲೋಹ ಬರುವುದಿಲ್ಲ. ಮೊದಲು ಕ್ಲೋರಿನ್ ಹಾಯಿಸಿ ಟೈಟೇನಿಯಂ ಕ್ಲೋರೈಡ್ ಎಂಬ ದ್ರವ ಮಾಡಬೇಕು. ಆಮೇಲೆ ಅದನ್ನು ಗಾಳಿ ಇಲ್ಲದ ಪಾತ್ರೆಯಲ್ಲಿ ಕರಗಿದ ಮೆಗ್ನೀಸಿಯಂ ಜೊತೆ ಸೇರಿಸಬೇಕು. ಆಗ ಸ್ಪಂಜಿನ ಹಾಗೆ ತೂತು ತೂತಾದ ಲೋಹ ಸಿಗುತ್ತದೆ. ಅದನ್ನು ನಿರ್ವಾತದಲ್ಲಿ ಕರಗಿಸಿ ಗಟ್ಟಿ ಮಾಡಬೇಕು. ಇಷ್ಟು ದುಡ್ಡು, ಇಷ್ಟು ಕೆಲಸ, ಎಲ್ಲ ಆಮ್ಲಜನಕ ಬಿಡಿಸಲಿಕ್ಕೆ. ನಾವು ವರ್ಕ್‌ಶಾಪಿನಲ್ಲಿ ಎರಡು ಸೆಕೆಂಡ್ ಬೇಗ ಟಾರ್ಚ್ ಎತ್ತಿ ಅದನ್ನು ವಾಪಸ್ ಕೊಟ್ಟುಬಿಡುತ್ತೇವೆ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಟಿಗ್ ಇದ್ದರೆ ಸಣ್ಣ ತುಂಡಿನ ಮೇಲೆ ಎರಡೂ ರೀತಿ ಮಾಡಿ ವೈಸಿನಲ್ಲಿ ಬಗ್ಗಿಸಿ ನೋಡಿ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಮೀನು ಸಂಸ್ಕರಣೆ ಘಟಕ ಇದೆ. ಉಪ್ಪು ನೀರಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನ ಟೈಟೇನಿಯಂ ಪ್ಲೇಟಿನಲ್ಲಿ ಸೂಜಿಮೊನೆಯಷ್ಟು ತೂತು. ಬೆಸುಗೆ ಹಾಕಬಹುದಾ?

ಉತ್ತರ: ಬೇಡ. ಆ ಪ್ಲೇಟು ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪ, ಅಚ್ಚಿನಲ್ಲಿ ಒತ್ತಿ ಏರುತಗ್ಗು ಮಾಡಿರುತ್ತಾರೆ. ಬಿಸಿಗೆ ಸ್ವಲ್ಪ ಸೊಟ್ಟಗಾದರೂ ಗ್ಯಾಸ್ಕೆಟ್ ಕೂರುವುದಿಲ್ಲ. ಹೊಸ ಪ್ಲೇಟ್ ಹಾಕಿ. ತೂತು ಯಾಕೆ ಬಂತು ಅಂತ ಮಾತ್ರ ನೋಡಿ. ಸಮುದ್ರದ ತಣ್ಣೀರು ಟೈಟೇನಿಯಂ ಅನ್ನು ಸುಲಭಕ್ಕೆ ತಿನ್ನುವುದಿಲ್ಲ. ಕಬ್ಬಿಣದ ಬ್ರಷ್ಷಿನಿಂದ ಉಜ್ಜಿದ್ದರಾ, ಬೋಲ್ಟ್ ಜಾಸ್ತಿ ಬಿಗಿ ಮಾಡಿದ್ದರಾ ಕೇಳಿ.

ಪ್ರಶ್ನೆ: ಟೈಟೇನಿಯಂ ಪೈಪಿಗೆ ಸ್ಟೇನ್‌ಲೆಸ್ ಸ್ಟೀಲ್ ಫ್ಲೇಂಜ್ ಬೆಸೆಯಲು ಯಾವ ರಾಡ್?
*ಕಾರ್ಕಳ*

ಉತ್ತರ: ಅಂಥ ರಾಡ್ ಇಲ್ಲ. ಕಬ್ಬಿಣ, ಟೈಟೇನಿಯಂ ಕರಗಿ ಬೆರೆತರೆ ಗಾಜಿನ ಹಾಗೆ ಒಡೆಯುವ ವಸ್ತು ಆಗುತ್ತದೆ. ತಣಿಯುವಾಗಲೇ ಬಿರುಕು ಬಿಡುತ್ತದೆ. ಟೈಟೇನಿಯಂ ಕಾಲರ್ ಬೆಸೆದು, ಅದರ ಹಿಂದೆ ಸ್ಟೀಲಿನ ಸಡಿಲ ಫ್ಲೇಂಜ್ ಹಾಕಿ ಬೋಲ್ಟ್ ಮಾಡಿ.

ಪ್ರಶ್ನೆ: ರಾಡ್ ಸಿಗದಿದ್ದಾಗ ಅದೇ ಶೀಟಿನಿಂದ ಸಣ್ಣ ಪಟ್ಟಿ ಕತ್ತರಿಸಿ ರಾಡಿನ ಹಾಗೆ ಬಳಸುತ್ತೇವೆ. ತಪ್ಪಾ?
*ಶಿವಳ್ಳಿ ಕೈಗಾರಿಕಾ ಪ್ರದೇಶ, ಮಣಿಪಾಲ*

ಉತ್ತರ: ಗ್ರೇಡ್ ಒಂದೇ ಆಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಎರಡು ತೊಂದರೆ ಇದೆ. ಮೇಲೆ ಹೇಳಿದ ಹಾಗೆ ಶೀಟಿನಲ್ಲಿ ಆಮ್ಲಜನಕಕ್ಕೆ ಜಾಗ ಬಿಟ್ಟಿರುವುದಿಲ್ಲ. ಮತ್ತೆ ಕತ್ತರಿಸಿದ ಅಂಚಿನಲ್ಲಿ ಮುಳ್ಳು ಎದ್ದು, ಅದರ ಮಡಿಕೆಯಲ್ಲಿ ಶಿಯರಿಂಗ್ ಮೆಷಿನಿನ ಎಣ್ಣೆ ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲ. ಟ್ರೇ, ಬ್ರಾಕೆಟಿನಂಥ ಒತ್ತಡ ಇಲ್ಲದ ಕೆಲಸಕ್ಕೆ, ಅಂಚನ್ನು ಫೈಲ್ ಮಾಡಿ, ಅಸಿಟೋನಿನಲ್ಲಿ ತೊಳೆದು ಬಳಸಿ. ಪೈಪು, ಟ್ಯಾಂಕಿಗೆ ಬೇಡ.

ಪ್ರಶ್ನೆ: ನನ್ನ ಟೈಟೇನಿಯಂ ಸೈಕಲಿನ ಹಿಂದಿನ ಚಕ್ರದ ಹತ್ತಿರದ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು. ಉಡುಪಿಯಲ್ಲಿ ಯಾರಾದರೂ ಮಾಡುತ್ತಾರಾ? ಅವರಿಗೆ ಯಾವ ರಾಡ್ ಅಂತ ಹೇಳಲಿ?
*ಮಣಿಪಾಲ*

ಉತ್ತರ: ಮೊದಲು ಸೈಕಲ್ ಮಾಡಿದವರಿಗೇ ಬರೆಯಿರಿ. ಕೆಲವರು ಫ್ರೇಮಿಗೆ ತುಂಬ ವರ್ಷದ ಗ್ಯಾರಂಟಿ ಕೊಡುತ್ತಾರೆ. ಹೊರಗೆ ಬೆಸುಗೆ ಹಾಕಿಸಿದರೆ ಅದು ಹೋಗುತ್ತದೆ.

ಅವರು ಕೈ ಬಿಟ್ಟರೆ ಮಾತ್ರ ಇಲ್ಲಿ ನೋಡಿ. ಸೈಕಲಿನ ಕೊಳವೆ ಹೆಚ್ಚಾಗಿ ಗ್ರೇಡ್ 9, ಅಂದರೆ ಶೇ. 3 ಅಲ್ಯೂಮಿನಿಯಂ, ಎರಡೂವರೆ ವೆನೇಡಿಯಂ. ಅದಕ್ಕೆ ಇಆರ್‌ಟಿಐ-9. ಆದರೆ ಚಕ್ರ ಕೂರುವ ತುಂಡು ಗ್ರೇಡ್ 5 ಇರಬಹುದು, ಮಾಡಿದವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಬೆಸೆಯುವವರಿಗೆ ನೀವು ಒಂದೇ ಪ್ರಶ್ನೆ ಹಾಕಿ: ‘ಕೊಳವೆಯ ಒಳಗೆ ಆರ್ಗಾನ್ ಹೇಗೆ ತುಂಬುತ್ತೀರಿ?’ ಅವರ ಹತ್ತಿರ ಉತ್ತರ ಸಿದ್ಧ ಇದ್ದರೆ ಕೊಡಿ. ‘ಒಳಗೆ ಎಂತಕ್ಕೆ ಮಾರಾಯ್ರೆ?’ ಅಂದರೆ ಸೈಕಲ್ ವಾಪಸ್ ತನ್ನಿ. ಮಣಿಪಾಲದ ಇಳಿಜಾರಿನಲ್ಲಿ ಫ್ರೇಮ್ ತುಂಡಾಗುವುದನ್ನು ನೆನೆಸಿದರೂ ನನಗೆ ಭಯ. ಅಲ್ಲಿಯವರೆಗೆ ಅದನ್ನು ಹತ್ತಬೇಡಿ.

ಪ್ರಶ್ನೆ: ಅಣ್ಣ, ನನ್ನ ಮಗ ಮುಲ್ಕಿ ಹತ್ತಿರದ ವರ್ಕ್‌ಶಾಪಿಗೆ ಕೆಲಸಕ್ಕೆ ಹೋಗುತ್ತಾನೆ. ಟೈಟೇನಿಯಂ ಪುಡಿಗೆ ಬೆಂಕಿ ಹಿಡಿದರೆ ನೀರು ಹಾಕಬಾರದಂತೆ ಅಂತ ಹೇಳಿದ. ಅಂದಿನಿಂದ ನನಗೆ ನಿದ್ದೆ ಇಲ್ಲ. ಇದು ನಿಜವಾ?

ಉತ್ತರ: ನಿಜ, ಅಮ್ಮ. ಆದರೆ ಅವನಿಗೆ ಅದು ಗೊತ್ತಿದೆ, ಮನೆಗೆ ಬಂದು ನಿಮಗೆ ಹೇಳಿದ್ದಾನೆ. ಅರ್ಧ ಚಿಂತೆ ಅಲ್ಲಿಗೇ ಕಡಿಮೆ ಮಾಡಿಕೊಳ್ಳಿ.

ಪೈಪು, ಶೀಟಿಗೆ ಸುಲಭದಲ್ಲಿ ಬೆಂಕಿ ಹಿಡಿಯುವುದಿಲ್ಲ. ಅಪಾಯ ಇರುವುದು ಗ್ರೈಂಡಿಂಗ್ ಪುಡಿಗೆ, ಲೇತಿನ ತೆಳು ಸಿಂಬಿಗೆ. ಒಂದು ಕಿಡಿ ಸಾಕು. ಉರಿಯುವ ಟೈಟೇನಿಯಂ ನೀರಿನಿಂದಲೂ ಆಮ್ಲಜನಕ ಕಿತ್ತುಕೊಳ್ಳುತ್ತದೆ, ಉಳಿದ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ನೀರು ಬೇಡ. ಒಣ ಮರಳು ಮೆಲ್ಲಗೆ ಸುರಿದು ಮುಚ್ಚಬೇಕು, ಇಲ್ಲವೇ ಲೋಹದ ಬೆಂಕಿಗೆ ಅಂತಲೇ ಇರುವ ಪುಡಿ. ಪುಡಿಯನ್ನು ದಿನಾ ಸಂಜೆ ಗುಡಿಸಿ, ಮುಚ್ಚಳ ಇರುವ ಲೋಹದ ಡಬ್ಬಿಗೆ ಹಾಕಿ ಹೊರಗೆ ಇಡಬೇಕು. ಸ್ಟೀಲ್ ಗ್ರೈಂಡ್ ಮಾಡುವ ಜಾಗ ಬೇರೆ ಇರಬೇಕು.

ಮಗನಿಗೆ ಎರಡು ಮಾತು ಹೇಳಿ. ಕೆಲಸಕ್ಕೆ ಹತ್ತಿ ಬಟ್ಟೆ ಹಾಕಿಕೊಂಡು ಹೋಗಲಿ, ಪಾಲಿಸ್ಟರ್ ಬೇಡ. ಮತ್ತೆ ಅವನು ನಿಲ್ಲುವ ಜಾಗದಲ್ಲಿ ಮರಳಿನ ಬಕೆಟ್ ಇದೆಯಾ ನೋಡಲಿ. ಸಮುದ್ರ ಹತ್ತಿರ ಅಂತ ಅಲ್ಲಿಂದ ಮರಳು ತಂದು ತುಂಬಬಾರದು, ಅದರಲ್ಲಿ ಉಪ್ಪು ಇರುತ್ತದೆ, ಉಪ್ಪು ತೇವ ಹಿಡಿಯುತ್ತದೆ. ತೊಳೆದು ಬಿಸಿಲಿಗೆ ಒಣಗಿಸಿದ ಹೊಳೆ ಮರಳು ಇರಲಿ. ಬಕೆಟಿಗೆ ಮುಚ್ಚಳ ಬೇಕು. ನಮ್ಮ ಕಡೆಯ ಜುಲೈಯಲ್ಲಿ ಮುಚ್ಚದೆ ಇಟ್ಟ ಮರಳು ಒಂದು ವಾರಕ್ಕೆ ಒದ್ದೆಯಾಗುತ್ತದೆ.